ಗಣಕಮಾದರಿಯೂ ಕೈಮಾದರಿಯೂ: ಗುಜರಾತಿನ ಮೂರು ನಗರಗಳ ಉಡುಪುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಯಾವುದೇ ಉಡುಪು ಸಾವಿರ ಸಂಖ್ಯೆಯಲ್ಲಿ ಸಿದ್ಧವಾಗುವುದಕ್ಕೆ ಮೊದಲು ಒಂದೇ ಒಂದಾಗಿ ಸಿದ್ಧವಾಗಬೇಕು. ಈ ಮೊದಲ ಉಡುಪನ್ನು ವ್ಯಾಪಾರದವರು ಸ್ಯಾಂಪಲ್ ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ಕೈಮಾದರಿ ಎಂದು ಕರೆಯಲಾಗಿದೆ. ಅದನ್ನು ಹೊಲಿಯುವವನು ಕಾರ್ಖಾನೆಯ ಸಾಲಿನಲ್ಲಿ ಕುಳಿತು ದಿನವೆಲ್ಲ ಕಾಲರನ್ನೋ ತೋಳನ್ನೋ ಮಾತ್ರ ಜೋಡಿಸುವ ಕೆಲಸಗಾರನಲ್ಲ. ಕತ್ತರಿ ಹಾಕುವುದರಿಂದ ಹಿಡಿದು ಕಾಜಾ ಹೊಲಿಯುವವರೆಗೆ ಇಡೀ ಉಡುಪನ್ನು ಒಬ್ಬನೇ ನಿರ್ವಹಿಸಬಲ್ಲ ನುರಿತ ದರ್ಜಿ. ಅವನು ಹೊಲಿದುದನ್ನು ಕೊಳ್ಳುವವರಿಗೆ ಕಳುಹಿಸಬೇಕು, ಅವರು ತೋಳು ಉದ್ದವಾಯಿತೆಂದೋ ಕೊರಳು ಬಿಗಿಯಾಯಿತೆಂದೋ ಹೇಳಿ ಹಿಂದಕ್ಕೆ ಕಳುಹಿಸುತ್ತಾರೆ, ಮತ್ತೆ ಹೊಲಿಯಬೇಕು. ಹೀಗೆ ಎರಡು ಮೂರು ಸಲ ಹೋಗಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಬಟ್ಟೆ, ಕೂಲಿ, ಸಾಗಣೆ ಎಲ್ಲಕ್ಕೂ ವೆಚ್ಚ ತಗಲುತ್ತದೆ.

ಈ ತೊಡಕನ್ನು ನೀಗುವುದಕ್ಕಾಗಿ ಬಂದುದು ಗಣಕಮಾದರಿ. ಕಾಗದದ ಮೇಲೆ ಬರೆಯುತ್ತಿದ್ದ ಕತ್ತರಿಕೆಯ ನಕ್ಷೆಯನ್ನು ಗಣಕಯಂತ್ರದಲ್ಲಿ ಬರೆದು, ಅದರ ತುಂಡುಗಳನ್ನು ಪರದೆಯ ಮೇಲಿನ ಮಾನವಾಕೃತಿಯ ಸುತ್ತ ನಿಲ್ಲಿಸಿ, ಯಾವ ಅಂಚು ಯಾವ ಅಂಚಿಗೆ ಸೇರಬೇಕೆಂದು ಸೂಚಿಸಿದರೆ ಕೆಲವು ನಿಮಿಷಗಳಲ್ಲಿ ಆ ತುಂಡುಗಳು ಒಂದಾಗಿ ಮೈಮೇಲೆ ಇಳಿಬೀಳುತ್ತವೆ. ಇಂಥ ತಂತ್ರಾಂಶಗಳಲ್ಲಿ ಬ್ರೌಸ್‌ವೇರ್ ಎಂಬ ಸಂಸ್ಥೆಯದು 1999ರಷ್ಟು ಹಿಂದಿನದು. ಕೊರಿಯಾ ದೇಶದ ಕ್ಲೋ 2009ರಲ್ಲಿ ಹುಟ್ಟಿದುದು. ಈಗ ಉಡುಪು ವಿನ್ಯಾಸವನ್ನು ಕಲಿಸುವೆಡೆಗಳಲ್ಲಿ ಇವುಗಳ ಪರಿಚಯ ವ್ಯಾಸಂಗದ ಭಾಗವಾಗಿದೆ. ಪರದೆಯ ಮೇಲಿನ ಅಂಗಿಯನ್ನೇ ನೋಡಿ ಒಪ್ಪಿಗೆ ಕೊಡುವ ಕೊಳ್ಳುಗರೂ ಇದ್ದಾರೆ. ಹೀಗಿರಲಾಗಿ, ಗಣಕಮಾದರಿಯನ್ನು ನಂಬಿ ಕೈಮಾದರಿಯನ್ನು ಬಿಟ್ಟುಬಿಡಬಹುದೆ ಎಂಬ ಪ್ರಶ್ನೆ ಕೇವಲ ಯಂತ್ರಕುತೂಹಲದ ಪ್ರಶ್ನೆಯಲ್ಲ. ಮಾದರಿ ಹೊಲಿಯುವ ದರ್ಜಿಯ ಅನ್ನದ ಪ್ರಶ್ನೆಯೂ ಅದರಲ್ಲಿದೆ. ಅವನ ಬೆರಳಿನಲ್ಲಿರುವ ವಿದ್ಯೆ ಯಾವ ಲೆಕ್ಕದಲ್ಲಿ ಸೇರುತ್ತದೆ ಎಂಬ ಪ್ರಶ್ನೆಯೂ ಇದೆ.

ಗುಜರಾತಿನ ಅಹಮದಾಬಾದು, ವಡೋದರ, ಸೂರತ್ತು ಎಂಬ ಮೂರು ನಗರಗಳು ಈ ವಿವೇಚನೆಗೆ ಒಳ್ಳೆಯ ನೆಲೆಗಳು. ಹತ್ತಿಯ ಬಟ್ಟೆ ಮತ್ತು ಹಳೆಯ ಹೊಲಿದ ಉಡುಪು ಮೊದಲನೆಯದರಲ್ಲಿ. ಉಡುಪಿನ ಶಾಸ್ತ್ರೀಯ ಶಿಕ್ಷಣದ ಹಳೆಯ ಪರಂಪರೆ ಎರಡನೆಯದರಲ್ಲಿ. ಕೃತಕ ನೂಲು, ಜರಿ ಮತ್ತು ಹೊಲಿಗೆಯಿಲ್ಲದ ಸೀರೆ ಮೂರನೆಯದರಲ್ಲಿ. ಆ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇವೆಲ್ಲ ದಿನನಿತ್ಯ ಕಣ್ಣಿಗೆ ಬೀಳುವ ವಸ್ತುಗಳೇ ಆಗಿವೆ.

ಮೊದಲು ಗಣಕದ ಬಟ್ಟೆ ಎಂದರೇನು ಎಂಬುದನ್ನು ತಿಳಿಯಬೇಕು. ಅದು ಚಿತ್ರಕಾರನು ಬರೆದ ಬಟ್ಟೆಯಲ್ಲ. ಲೆಕ್ಕದಿಂದ ಮೂಡಿದ ಬಟ್ಟೆ. ಬಟ್ಟೆಯನ್ನು ಒಂದು ಬಲೆಯಂತೆ ಭಾವಿಸಿ, ಬಲೆಯ ಒಂದೊಂದು ಗಂಟಿಗೂ ಇಷ್ಟು ತೂಕ, ಗಂಟುಗಳ ನಡುವಿನ ಎಳೆಗೆ ಇಷ್ಟು ಹಿಗ್ಗುವ ಗುಣ, ಮಡಿಸಿದರೆ ಇಷ್ಟು ಪ್ರತಿರೋಧ ಎಂದು ಗೊತ್ತುಮಾಡಿ, ಭೂಮಿಯ ಆಕರ್ಷಣೆಗೆ ಒಳಗಾದ ಆ ಬಲೆ ಎಲ್ಲಿ ಬಂದು ನಿಲ್ಲುತ್ತದೆಂದು ಕ್ಷಣಕ್ಷಣಕ್ಕೂ ಎಣಿಸುವುದೇ ಅದರ ಮರ್ಮ. 1987ರಲ್ಲಿ ಟೆರ್ಜೊಪೌಲಸ್ ಮತ್ತು ಸಂಗಡಿಗರು ಬಾಗುವ ವಸ್ತುಗಳಿಗೆ ಇಂಥ ಗಣಿತವನ್ನು ರೂಪಿಸಿದರು. 1998ರಲ್ಲಿ ಬರಾಫ್ ಮತ್ತು ವಿಟ್ಕಿನ್ ಎಂಬುವರು ಆ ಎಣಿಕೆಯನ್ನು ಶೀಘ್ರವಾಗಿ ಮುಗಿಸುವ ದಾರಿ ತೋರಿಸಿದರು. ಚಲನಚಿತ್ರಗಳ ಗಣಕಪಾತ್ರಗಳು ಉಡುವ ಬಟ್ಟೆಗೆ ಇವೇ ತಳಹದಿ.

ಆದರೆ ಬಟ್ಟೆಯ ಗುಣವನ್ನು ಅಂಕಿಗಳಲ್ಲಿ ಹಿಡಿಯುವ ಯತ್ನ ಗಣಕಯಂತ್ರಕ್ಕಿಂತ ಹಳೆಯದು. ಮ್ಯಾಂಚೆಸ್ಟರಿನ ಶರ್ಲಿ ಸಂಶೋಧನಾಲಯದಲ್ಲಿದ್ದ ಪೀರ್ಸ್ ಎಂಬ ವಿಜ್ಞಾನಿ 1930ರಲ್ಲಿಯೇ, ಕೈಯಿಂದ ಮುಟ್ಟಿ ಹೇಳುವ ಮೃದು, ಬಿರುಸು ಎಂಬ ಮಾತುಗಳನ್ನು ಅಳೆಯಬಹುದೆಂದು ವಾದಿಸಿದನು. ಅವನ ಉಪಾಯ ಬಹು ಸರಳ. ಬಟ್ಟೆಯ ಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ಮೆಲ್ಲನೆ ಹೊರಕ್ಕೆ ತಳ್ಳಿದರೆ ಅದರ ತುದಿ ಬಾಗತೊಡಗುತ್ತದೆ. ತುದಿಯವರೆಗೆ ಎಳೆದ ಗೆರೆ ಮೇಜಿನ ಮಟ್ಟದಿಂದ 41.5 ಡಿಗ್ರಿ ಇಳಿದಾಗ ಹೊರಚಾಚಿದ ಉದ್ದವೆಷ್ಟೋ ಅದರ ಅರ್ಧವೇ ಆ ಬಟ್ಟೆಯ ಬಾಗುವಳತೆ. ಕ್ಯೂಸಿಕ್ ಎಂಬುವನು 1960ರ ದಶಕದಲ್ಲಿ ರೂಢಿಗೆ ತಂದ ಪರೀಕ್ಷೆಯಲ್ಲಿ 30 ಸೆಂಟಿಮೀಟರ್ ವ್ಯಾಸದ ಬಟ್ಟೆಯ ಬಿಲ್ಲೆಯನ್ನು 18 ಸೆಂಟಿಮೀಟರ್ ವ್ಯಾಸದ ತಟ್ಟೆಯ ಮೇಲೆ ಹಾಸಿ, ಇಳಿಬಿದ್ದ ನೆರಿಗೆಗಳ ನೆರಳನ್ನು ಅಳೆಯುತ್ತಾರೆ. ಜಪಾನಿನ ಕವಾಬಾತ 1970ರ ದಶಕದಲ್ಲಿ ರಚಿಸಿದ ಯಂತ್ರಗಳು ಎಳೆತ, ಓರೆಜಾರು, ಬಾಗು, ಒತ್ತು, ಮೇಲ್ಮೈ ಇವುಗಳೊಡನೆ ತೂಕ ದಪ್ಪಗಳನ್ನೂ ಸೇರಿಸಿ 16 ಅಂಕಿಗಳಲ್ಲಿ ಒಂದು ಬಟ್ಟೆಯನ್ನು ವರ್ಣಿಸುತ್ತವೆ. ಅಹಮದಾಬಾದಿನಲ್ಲಿ 1947ರಲ್ಲಿ ವಿಕ್ರಮ ಸಾರಾಭಾಯಿಯವರ ನೇತೃತ್ವದಲ್ಲಿ ಆರಂಭವಾದ ಅಟಿರಾ ಸಂಶೋಧನಾಲಯವೂ ಗಿರಣಿಯ ಬಟ್ಟೆಯನ್ನು ಕಣ್ಣಳತೆಯಿಂದ ಬಿಡಿಸಿ ಅಂಕಿಗೆ ತರುವ ಇದೇ ಮನೋಧರ್ಮದ ಫಲ.

ಈ ಎರಡು ಧಾರೆಗಳು ಕೂಡಿದುದು 1994ರಲ್ಲಿ. ಬ್ರೀನ್, ಹೌಸ್ ಮತ್ತು ವೋಜ್ನಿ ಎಂಬ ಮೂವರು ಕವಾಬಾತ ಯಂತ್ರದ ಅಂಕಿಗಳನ್ನೇ ಗಣಕಕ್ಕೆ ಉಣಿಸಿ, ಹತ್ತಿ, ಉಣ್ಣೆ ಮತ್ತು ಮಿಶ್ರನೂಲಿನ ಬಟ್ಟೆಗಳು ಒಂದು ಘನಾಕೃತಿಯ ಮೇಲೆ ಹೇಗೆ ಇಳಿಬೀಳುತ್ತವೆಂದು ಎಣಿಸಿ, ನಿಜವಾದ ಬಟ್ಟೆಯನ್ನು ಪಕ್ಕದಲ್ಲಿ ಹಾಸಿ ಹೋಲಿಸಿದರು. ಉಣ್ಣೆ ಉಣ್ಣೆಯಂತೆಯೂ ಹತ್ತಿ ಹತ್ತಿಯಂತೆಯೂ ಕಂಡಿತು. ಬಟ್ಟೆಯ ಮಟ್ಟಿಗೆ ಇದು ದೊಡ್ಡ ಜಯವೇ ಸರಿ. ಆದರೆ ಬಟ್ಟೆ ಬೇರೆ, ಉಡುಪು ಬೇರೆ. ಇವೆರಡರ ನಡುವೆ ಹೊಲಿಗೆಯಿದೆ.

ಹೋಲಿಕೆಯ ಕ್ರಮವನ್ನು ಇಲ್ಲಿಯೇ ಹೇಳಿಬಿಡಬಹುದು. ಒಂದೇ ನಕ್ಷೆಯಿಂದ, ಒಂದೇ ಥಾನಿನ ಬಟ್ಟೆಯಿಂದ ಕೈಮಾದರಿಯನ್ನು ಹೊಲಿಯಬೇಕು. ಅದೇ ಬಟ್ಟೆಯ ಅಳತೆಗಳನ್ನು ಗಣಕಕ್ಕೆ ಕೊಟ್ಟು ಅದೇ ನಕ್ಷೆಯಿಂದ ಗಣಕಮಾದರಿಯನ್ನು ಮಾಡಬೇಕು. ಎರಡನ್ನೂ ಒಂದೇ ಅಳತೆಯ ಮೈಮೇಲೆ ನಿಲ್ಲಿಸಿ ಉದ್ದ, ಸುತ್ತಳತೆ, ನೆರಿಗೆಗಳ ಸಂಖ್ಯೆ, ಅಂಚು ನೆಲದಿಂದ ನಿಂತ ಎತ್ತರ ಇವನ್ನು ಟೇಪು ಹಿಡಿದು ಅಳೆಯಬೇಕು. ದೂರದಿಂದ ನೋಡಿ ಒಂದೇ ರೀತಿ ಇದೆ ಎನ್ನುವುದು ಹೋಲಿಕೆಯಲ್ಲ. ಈ ಸೂಕ್ಷ್ಮಕ್ಕೆ ವಡೋದರದಲ್ಲಿಯೇ ಒಂದು ಹಳೆಯ ದೃಷ್ಟಾಂತವಿದೆ. 1888ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ರಾಜಾ ರವಿವರ್ಮನಿಂದ 14 ಪುರಾಣಚಿತ್ರಗಳನ್ನು ಬರೆಯಿಸಿದರು. ರವಿವರ್ಮನ ಸ್ತ್ರೀಯರ ಸೀರೆಗಳಲ್ಲಿ ರೇಷ್ಮೆಯ ಹೊಳಪೂ ನೆರಿಗೆಯ ಬೀಳೂ ಎಷ್ಟು ಸಹಜವೆಂದರೆ ಮುಟ್ಟಿ ನೋಡಬೇಕೆನಿಸುತ್ತದೆ. ಆದರೂ ಆ ಚಿತ್ರವನ್ನು ನೋಡಿ ಸೀರೆ ಎಷ್ಟು ಗಜದ್ದು, ಎಲ್ಲಿ ಸಿಕ್ಕಿಸಿದ್ದು ಎಂದು ಲೆಕ್ಕ ಹಾಕಹೊರಟವನು ಸೋಲುತ್ತಾನೆ; ಚಿತ್ರಕ್ಕೆ ಅದರ ಹಂಗಿಲ್ಲ. ಚಲನಚಿತ್ರಕ್ಕಾಗಿ ಹುಟ್ಟಿದ ಗಣಕದ ಬಟ್ಟೆಯದೂ ಬಹಳ ಮಟ್ಟಿಗೆ ಇದೇ ಸಂಸ್ಕಾರ. ಅದು ಕಣ್ಣನ್ನು ಒಪ್ಪಿಸಿದರೆ ಸಾಕಾಗಿತ್ತು. ದರ್ಜಿಯ ಟೇಪಿಗೆ ಉತ್ತರ ಹೇಳಬೇಕಾದ ಸಂದರ್ಭ ಅನಂತರ ಬಂತು.

ಟೇಪು ಹಿಡಿದಾಗ ಮೊದಲು ಸಿಕ್ಕಿಬೀಳುವುದು ಹೊಲಿಗೆಯ ಗೆರೆ. ಗಣಕದಲ್ಲಿ ಹೊಲಿಯುವುದೆಂದರೆ ಒಂದು ಅಂಚಿನ ಬಿಂದುಗಳು ಇನ್ನೊಂದು ಅಂಚಿನ ಬಿಂದುಗಳೊಡನೆ ಐಕ್ಯವಾಗುವುದು, ಅಷ್ಟೆ. ಅಲ್ಲಿ ದಾರವಿಲ್ಲ, ಗಂಟಿಲ್ಲ, ಒಳಗೆ ಮಡಿಸಿದ ಮಾರ್ಜಿನ್ ಇಲ್ಲ. ನಿಜವಾದ ಹೊಲಿಗೆಯಲ್ಲಿ ಒಂದು ಪದರವಿದ್ದ ಕಡೆ ಮೂರು ಪದರಗಳಾಗುತ್ತವೆ. ಅಂಚನ್ನು ಒಳಸೇರಿಸಿ ಎರಡು ಸಾಲು ಹೊಲಿದರೆ ನಾಲ್ಕಾಗುತ್ತವೆ. ಎರಡು ಪದರಗಳು ಒಂದರ ಮೇಲೊಂದು ಜಾರುವಂತಿದ್ದರೆ ಅವುಗಳ ಬಿರುಸು ಒಂದು ಪದರದ ಇಮ್ಮಡಿ. ಅವೇ ಅಂಟಿ ಒಂದೇ ಹಲಗೆಯಂತಾದರೆ ಬಿರುಸು ಎಂಟು ಮಡಿ. ಹೊಲಿದ ಬಟ್ಟೆ ಈ ಎರಡು ಕೊನೆಗಳ ನಡುವೆ ಎಲ್ಲಿಯೋ ನಿಲ್ಲುತ್ತದೆ. ಎಲ್ಲಿ ಎಂಬುದನ್ನು ಗೊತ್ತುಮಾಡುವುದು ಹೊಲಿದ ಕೈ. ದಾರವನ್ನು ಸಡಿಲವಾಗಿ ಬಿಟ್ಟು ದೂರ ದೂರ ಹಾಕಿದ ಕೈಹೊಲಿಗೆಯಲ್ಲಿ ಪದರಗಳು ಜಾರುತ್ತವೆ, ಗೆರೆ ಮೃದುವಾಗಿ ಬಾಗುತ್ತದೆ; ಯಂತ್ರದ ಒತ್ತು ಹೊಲಿಗೆಯಲ್ಲಿ ಗೆರೆ ಸೆಟೆದು ನಿಲ್ಲುತ್ತದೆ. ಒಂದೇ ನಕ್ಷೆ, ಒಂದೇ ಬಟ್ಟೆ. ಆದರೂ ಕೈಯಲ್ಲಿ ಹೊಲಿದ ಲಂಗದ ನೆರಿಗೆಗಳು ಒಂದು ವಿಧ, ಯಂತ್ರದಲ್ಲಿ ಹೊಲಿದುದರ ನೆರಿಗೆಗಳು ಇನ್ನೊಂದು ವಿಧ. ಗಣಕಮಾದರಿಯನ್ನು ಯಾವುದಕ್ಕೆ ಹೋಲಿಸಬೇಕು? ಇತ್ತೀಚಿನ ತಂತ್ರಾಂಶಗಳಲ್ಲಿ ಹೊಲಿಗೆಯ ಗೆರೆಗೆ ದಪ್ಪವನ್ನೂ ಬಿರುಸನ್ನೂ ಬೇರೆಯಾಗಿ ಕೊಡುವ ಸೌಕರ್ಯ ಉಂಟು. ಆದರೆ ಎಷ್ಟು ಕೊಡಬೇಕೆಂಬುದನ್ನು ತಿಳಿಯಲು ಮೊದಲು ಹೊಲಿದೇ ನೋಡಬೇಕು.

ಯಂತ್ರದ ಹೊಲಿಗೆಯಲ್ಲಿಯೂ ಒಂದು ಗುಟ್ಟಿದೆ. ಹೊಲಿಗೆಯಂತ್ರದ ಕೆಳಗಿನ ಹಲ್ಲುಗಳು ಕೆಳಪದರವನ್ನು ಮುಂದಕ್ಕೆ ಎಳೆಯುತ್ತವೆ. ಮೇಲಿನ ಪಾದ ಮೇಲ್ಪದರವನ್ನು ತುಸು ತಡೆಯುತ್ತದೆ. ಸಮನಾಗಿ ಕತ್ತರಿಸಿದ ಎರಡು ತುಂಡುಗಳು ಹೊಲಿಗೆಯ ಕೊನೆಯಲ್ಲಿ ಹೆಚ್ಚುಕಡಿಮೆಯಾಗುವುದು ಇದರಿಂದಲೇ. ಅನುಭವವುಳ್ಳ ದರ್ಜಿ ಇದನ್ನು ದೋಷವೆಂದು ಬಗೆಯದೆ ಉಪಾಯವಾಗಿ ತಿರುಗಿಸಿಕೊಳ್ಳುತ್ತಾನೆ: ತೋಳಿನ ಮೇಲುಭಾಗ ತೋಳುಗಂಡಿಗಿಂತ ತುಸು ಉದ್ದವಾಗಿರಬೇಕಾದ ಕಡೆ ಉದ್ದವಾದುದನ್ನು ಕೆಳಗಿಟ್ಟು ಹೊಲಿದರೆ ಹೆಚ್ಚಿನ ಬಟ್ಟೆ ತಾನಾಗಿ ಒಳಸೇರುತ್ತದೆ. ಗಣಕಕ್ಕೆ ಇಂಥ ಎರಡು ಅಸಮ ಅಂಚುಗಳನ್ನು ಕೊಟ್ಟರೆ ಅದು ಹೆಚ್ಚಿನದನ್ನು ಇಡೀ ಉದ್ದಕ್ಕೂ ಸಮವಾಗಿ ಹಂಚಿಬಿಡುತ್ತದೆ. ದರ್ಜಿ ಸಮವಾಗಿ ಹಂಚುವುದಿಲ್ಲ. ಭುಜದ ಮೂಳೆಯ ಮುಂದೆ ಹೆಚ್ಚು, ಕಂಕುಳ ಬಳಿ ಏನೂ ಇಲ್ಲ ಎಂಬಂತೆ ಬೆರಳಿನಿಂದ ಒತ್ತಿ ಒತ್ತಿ ಸೇರಿಸುತ್ತಾನೆ. ಆ ತೋಳು ಕೈ ಮುಂದಕ್ಕೆ ಚಾಚಿದಾಗ ಬಿಗಿಯುವುದಿಲ್ಲ. ಈ ಹಂಚಿಕೆ ನಕ್ಷೆಯಲ್ಲಿ ಬರೆದಿರುವುದಿಲ್ಲ. ಸೂಜಿಯನ್ನೇ ಕಾಯಕವಾಗಿ ಹಿಡಿದ ರಾಮಿತಂದೆಯಂಥವರು ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಕುಳಿತ ನಾಡಿನವರಿಗೆ, ಬರೆದಿಡದ ವಿದ್ಯೆಯೂ ವಿದ್ಯೆಯೇ ಎಂದು ಹೇಳಬೇಕಾದುದಿಲ್ಲ.

ಬರೆದಿಡದುದನ್ನು ಬರೆದಿಡುವ ಒಂದು ಮಹತ್ವದ ಪ್ರಯತ್ನ ಅಹಮದಾಬಾದಿನಲ್ಲಿ ನಡೆದಿದೆ. 1949ರಲ್ಲಿ ಸ್ಥಾಪಿತವಾಗಿ, ಈಗ ಶಾಹಿಬಾಗಿನ ಸಾರಾಭಾಯಿ ನಿವಾಸದಲ್ಲಿರುವ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯದ ಹೊಲಿದ ಉಡುಪುಗಳನ್ನು ಕುರಿತು ಬಿ. ಎನ್. ಗೋಸ್ವಾಮಿಯವರು ಸಿದ್ಧಪಡಿಸಿದ ಬೃಹತ್ ಗ್ರಂಥ 1993ರಲ್ಲಿ ಹೊರಬಂದಿತು. ಅದರಲ್ಲಿ ಉಡುಪುಗಳ ಚಿತ್ರಗಳಷ್ಟೇ ಅಲ್ಲ, ಅವುಗಳ ಕತ್ತರಿಕೆಯ ನಕ್ಷೆಗಳೂ ಇವೆ. ಅಂಗರಖಾ ಎಂಬ ಉಡುಪನ್ನು ಅಂಥ ನಕ್ಷೆಯಲ್ಲಿ ನೋಡಿದರೆ ಅದರ ಬುದ್ಧಿವಂತಿಕೆ ತಿಳಿಯುತ್ತದೆ. ಅದು ಮೈಯ ವಕ್ರತೆಗೆ ತಕ್ಕಂತೆ ಬಟ್ಟೆಯನ್ನು ಕೊರೆದು ತೆಗೆದ ಉಡುಪಲ್ಲ. ಬಹುಪಾಲು ಆಯತಗಳು, ಪಕ್ಕಕ್ಕೆ ಕೂಡಿಸುವ ಕಲಿ ಎಂಬ ಉದ್ದನೆಯ ತ್ರಿಕೋನಗಳು, ಕಂಕುಳಲ್ಲಿ ಸೇರಿಸುವ ಚೌಬಗಲಾ ಎಂಬ ಸಣ್ಣ ತುಂಡು, ಎದೆಯ ಮೇಲೆ ಒಳಗಡೆ ಬರುವ ಪರ್ದಾ. ನೆಯ್ದ ಬಟ್ಟೆಯ ಒಂದು ಗೇಣೂ ವ್ಯರ್ಥವಾಗದ ಹಾಗೆ ಈ ತುಂಡುಗಳು ಅಗಲದಲ್ಲಿ ಹೊಂದುತ್ತವೆ.

ಇಂಥ ನಕ್ಷೆ ಗಣಕಕ್ಕೆ ಬಹಳ ಹಿತವಾದುದು. ಸಂಗ್ರಹಾಲಯದ ಮೂಲ ಉಡುಪನ್ನು ಯಾರೂ ತೊಟ್ಟು ನೋಡುವಂತಿಲ್ಲ. ಅದರ ನೂಲು ಜೀರ್ಣವಾಗಿದೆ. ನಕ್ಷೆಯನ್ನು ಗಣಕಕ್ಕೆ ಕೊಟ್ಟರೆ, ನಿಂತಾಗ ಘೇರು ಹೇಗೆ ಬೀಳುತ್ತಿತ್ತು, ತಿರುಗಿದಾಗ ಹೇಗೆ ಅರಳುತ್ತಿತ್ತು ಎಂಬುದನ್ನು ಮೂಲಕ್ಕೆ ಕೈ ಹಚ್ಚದೆ ಕಾಣಬಹುದು. ಗಣಕಮಾದರಿಯ ನಿರ್ವಿವಾದವಾದ ಉಪಕಾರಗಳಲ್ಲಿ ಇದೊಂದು. ಆದರೂ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಅಂಗರಖಾದ ತೆಳುಮಲ್ಲು ಬಟ್ಟೆಯ ಅಳತೆಗಳು ಇಂದಿನ ಗಿರಣಿ ಬಟ್ಟೆಯ ಅಳತೆಗಳಲ್ಲ. ಪರೀಕ್ಷೆಗೆಂದು ಮೂಲದಿಂದ ಪಟ್ಟಿ ಕತ್ತರಿಸುವಂತೆಯೂ ಇಲ್ಲ. ಆದಕಾರಣ ಅಂಥ ಬಟ್ಟೆಯನ್ನು ಮತ್ತೆ ನೂತು, ನೆಯ್ದು, ಕೈಯಲ್ಲಿ ಹೊಲಿದ ಪ್ರತಿಯೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಪರದೆಯ ಅಂಗರಖಾವನ್ನು ಇತಿಹಾಸದ ಸಾಕ್ಷ್ಯವೆಂದು ಸ್ವೀಕರಿಸಲಾಗದು.

ನೂತ ನೂಲಿನ ಮಾತು ಬಂದುದರಿಂದ ಖಾದಿಯನ್ನು ನೆನೆಯಬೇಕು. 1915ರಲ್ಲಿ ಕೋಚರಬಿನಲ್ಲಿ ಆಶ್ರಮ ಹೂಡಿದ ಗಾಂಧೀಜಿಗೆ ಚರಕ ಎಂಬುದನ್ನು ಕಣ್ಣಾರೆ ನೋಡಬೇಕಾಗಿದ್ದಾಗ ಅದನ್ನು ಹುಡುಕಿ ತೆಗೆದವರು ಗಂಗಾಬೆನ್. ಸಿಕ್ಕಿದ್ದು ಆಗಿನ ಬಡೋದೆ ಸಂಸ್ಥಾನದ ವಿಜಾಪುರದಲ್ಲಿ. ಗಣಕದ ಬಟ್ಟೆಯ ಮುಖ್ಯ ಕಲ್ಪನೆಯೆಂದರೆ ಒಂದು ಅಂಗೈಯಗಲ ಬಟ್ಟೆಯ ಗುಣವೇ ಇಡೀ ಥಾನಿನ ಗುಣ ಎಂಬುದು. ಗಿರಣಿಯ ಬಟ್ಟೆಗೆ ಇದು ತಕ್ಕಮಟ್ಟಿಗೆ ಒಪ್ಪುತ್ತದೆ. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನೂಲುವ ಕೈ ಬದಲಾದಂತೆ ಹುರಿಯೂ ಬದಲು. ಐದು ಕಡೆ ಪಟ್ಟಿ ಕತ್ತರಿಸಿ ಪೀರ್ಸನ ಪರೀಕ್ಷೆ ಮಾಡಿದರೆ ಐದು ಉತ್ತರಗಳು ಬರುತ್ತವೆ. ಸರಾಸರಿಯನ್ನು ತೆಗೆದು ಗಣಕಕ್ಕೆ ಕೊಟ್ಟಾಗ ಪರದೆಯ ಮೇಲೆ ಮೂಡುವುದು ಸುಂದರವಾದ, ನಿಯತವಾದ, ಖಾದಿಯಲ್ಲದ ಒಂದು ಬಟ್ಟೆ. ಹೊಲಿಗೆಯಂತ್ರವನ್ನು ಮಾತ್ರ ಗಾಂಧೀಜಿ ಬೇರೆ ಯಂತ್ರಗಳ ಸಾಲಿಗೆ ಸೇರಿಸಲಿಲ್ಲ. 1924ರಲ್ಲಿ ಅದನ್ನು ಉಪಯುಕ್ತವಾದ ಕೆಲವೇ ಶೋಧಗಳಲ್ಲಿ ಒಂದೆಂದು ಎಣಿಸಿದ್ದರು. ಗಣಕಮಾದರಿಯನ್ನು ಅವರು ಯಾವ ಸಾಲಿಗೆ ಸೇರಿಸುತ್ತಿದ್ದರೋ ಊಹಿಸುವುದು ಸ್ವಾರಸ್ಯವಾದರೂ ಪ್ರಕೃತಕ್ಕೆ ಅಗತ್ಯವಿಲ್ಲ.

ನವರಾತ್ರಿಯ ಕಾಲದಲ್ಲಿ ಅಹಮದಾಬಾದಿನ ಬೀದಿಗಳಲ್ಲಿ ಕಾಣುವ ಕೇಡಿಯು ಮತ್ತು ಚಣಿಯಾಚೋಳಿಗಳು ಇನ್ನೊಂದು ಮಿತಿಯನ್ನು ತೋರಿಸುತ್ತವೆ. ಕೇಡಿಯು ಎಂಬ ಗಂಡಸರ ಮೇಲುಡುಪಿನಲ್ಲಿ ಎದೆಯ ಕೆಳಗೆ ನೂರಾರು ಸಣ್ಣ ಚುನ್ನಟಗಳಿರುತ್ತವೆ. ಗಣಕದ ಬಲೆಯ ಗಂಟುಗಳು ಕೆಲಸದ ಆರಂಭದಲ್ಲಿ ಸಾಮಾನ್ಯವಾಗಿ 20 ಮಿಲಿಮೀಟರ್ ಅಂತರದಲ್ಲಿರುತ್ತವೆ. ಎರಡು ಗಂಟುಗಳ ನಡುವೆ ಬಟ್ಟೆ ಮಡಿಯಲಾರದಾದ್ದರಿಂದ 3 ಮಿಲಿಮೀಟರಿನ ಚುನ್ನಟ ಅಲ್ಲಿ ಹುಟ್ಟುವುದೇ ಇಲ್ಲ. ಅದರ ಬದಲು ಕೆಲವು ದೊಡ್ಡ ಅಲೆಗಳು ಕಾಣುತ್ತವೆ. ಅಂತರವನ್ನು 5 ಮಿಲಿಮೀಟರಿಗೆ ಇಳಿಸಿದರೆ ಒಂದು ಚದರ ಮೀಟರಿನಲ್ಲಿ ಸುಮಾರು 2,500 ಇದ್ದ ಗಂಟುಗಳು 40,000ಕ್ಕೆ ಏರುತ್ತವೆ, ಎಣಿಕೆ ನಿಧಾನವಾಗುತ್ತದೆ, ಚುನ್ನಟ ಆಗಲೂ ಸರಿಯಾಗಿ ಮೂಡದು. ಚಣಿಯಾದ ಮೇಲಿನ ಕಸೂತಿ ಮತ್ತು ಕನ್ನಡಿಚೂರುಗಳು ಬಟ್ಟೆಯನ್ನು ಅಲ್ಲಲ್ಲಿ ಬಿರುಸುಮಾಡಿ, ಭಾರಮಾಡಿ, ಘೇರನ್ನು ಕೆಳಕ್ಕೆಳೆಯುತ್ತವೆ. ಪರದೆಯಲ್ಲಿ ಕಸೂತಿ ಬಹುವೇಳೆ ಮೇಲೆ ಅಂಟಿಸಿದ ಚಿತ್ರ ಮಾತ್ರ, ಅದಕ್ಕೆ ತೂಕವಿಲ್ಲ. ಕಣ್ಣಿಗೆ ಎರಡೂ ಒಂದೇ, ತಕ್ಕಡಿಗೆ ಬೇರೆ ಬೇರೆ.

ವಡೋದರದ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದು ಬಟ್ಟೆಯನ್ನು ಕುರಿತಲ್ಲ, ಮೈಯನ್ನು ಕುರಿತು. ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ 1890ರಲ್ಲಿ ಆರಂಭವಾದ ಕಲಾಭವನ, ಸೂರತ್ತಿನಲ್ಲಿ ಹುಟ್ಟಿದ ತ್ರಿಭುವನದಾಸ ಗಜ್ಜರರ ಸಂಕಲ್ಪದಿಂದ, ಬಣ್ಣಗಾರಿಕೆ ನೆಯ್ಗೆಗಳನ್ನು ದೇಶಭಾಷೆಯಲ್ಲಿ ಶಾಸ್ತ್ರೀಯವಾಗಿ ಕಲಿಸತೊಡಗಿತು. 1949ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿತವಾದ ಮರುವರ್ಷ ಹಂಸಾ ಮೆಹತಾ ಅವರ ಕುಲಪತಿತ್ವದಲ್ಲಿ ಗೃಹವಿಜ್ಞಾನದ ವಿಭಾಗವೂ ಬಂದಿತು. ಉಡುಪು ಮತ್ತು ವಸ್ತ್ರ ಅಲ್ಲಿ ವಿಶ್ವವಿದ್ಯಾಲಯದ ವಿಷಯವಾಯಿತು. ಉಡುಪುಶಾಸ್ತ್ರದ ತರಗತಿಗಳಲ್ಲಿ ವಿದ್ಯಾರ್ಥಿನಿ ಅಗ್ಗದ ಹತ್ತಿಬಟ್ಟೆಯನ್ನು ಮೈಯಾಕಾರದ ಬೊಂಬೆಯ ಮೇಲೆ ಗುಂಡುಸೂಜಿಗಳಿಂದ ಚುಚ್ಚಿ ಚುಚ್ಚಿ ಕುಪ್ಪಸದ ಆಕಾರವನ್ನು ಕಂಡುಕೊಳ್ಳುತ್ತಾಳೆ. ಗಣಕದಲ್ಲಿ ಬೊಂಬೆಯ ಸ್ಥಾನದಲ್ಲಿ ಅಂಕಿಗಳ ಮಾನವಾಕೃತಿ ನಿಲ್ಲುತ್ತದೆ.

ಆ ಆಕೃತಿ ಯಾರದು? ಬಹುಕಾಲ ಅದು ಪಾಶ್ಚಾತ್ಯ ಅಳತೆಗಳದು. ಭಾರತೀಯರ ಮೈಯಳತೆಗಳನ್ನು ದೇಶವ್ಯಾಪಿಯಾಗಿ ಸಂಗ್ರಹಿಸಲೆಂದು ಕೇಂದ್ರ ಜವಳಿ ಮಂತ್ರಾಲಯದ ನೆರವಿನಿಂದ ನಿಫ್ಟ್ ಸಂಸ್ಥೆ ಕೈಗೊಂಡ ಇಂಡಿಯಾಸೈಜ್ ಯೋಜನೆಯ ಗುರಿ, 15ರಿಂದ 65 ವರ್ಷ ವಯಸ್ಸಿನ ಸುಮಾರು 25,000 ಜನರನ್ನು ಯಂತ್ರದಿಂದ ಅಳೆಯುವುದಾಗಿತ್ತು. ಅಳತೆ ಸರಿಯಾದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಪರದೆಯ ಮೈ ಕಲ್ಲಿನಂತೆ ಗಟ್ಟಿ. ಅದು ಒತ್ತಿದರೆ ತಗ್ಗುವುದಿಲ್ಲ, ಉಸಿರಾಡುವುದಿಲ್ಲ. ಇದಲ್ಲದೆ ಬಟ್ಟೆ ಮೈಯೊಳಗೆ ಹೊಕ್ಕುಬಿಡದಿರಲೆಂದು ಎರಡರ ನಡುವೆ ಕೆಲವು ಮಿಲಿಮೀಟರಿನ ತೆರಪನ್ನು ಗಣಕ ಕಾಯ್ದುಕೊಳ್ಳುತ್ತದೆ. ಸಡಿಲವಾದ ಅಂಗಿಗೆ ಇದು ಲೆಕ್ಕಕ್ಕಿಲ್ಲ. ಚೋಳಿಗೂ ರವಿಕೆಗೂ ಇದೇ ಮುಖ್ಯ ಪ್ರಶ್ನೆ. ಗುಳೇದಗುಡ್ಡದ ಖಣದಿಂದ ಕುಪ್ಪಸ ಹೊಲಿಸಿಕೊಳ್ಳುವ ಉತ್ತರ ಕರ್ನಾಟಕದ ಗೃಹಿಣಿಗೆ ಅದು ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದು ಚೆನ್ನಾಗಿ ಗೊತ್ತು. ತೋಳಿನ ಬಿಗುಪಿನಲ್ಲಿ ಮಾಂಸ ತುಸು ಒಳಸರಿದು ಎಡೆಮಾಡಿಕೊಡುವುದನ್ನು ನಂಬಿಯೇ ಅಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ಇದೇ ನಕ್ಷೆಯನ್ನು ಪರದೆಯ ಗಟ್ಟಿಮೈಗೆ ತೊಡಿಸಿದರೆ ಬಟ್ಟೆ ಹರಿಯುವಷ್ಟು ಎಳೆಯುತ್ತಿದೆ ಎಂದು ಗಣಕ ಕೆಂಪುಬಣ್ಣದಲ್ಲಿ ತೋರಿಸುತ್ತದೆ; ಹೊಲಿದು ತೊಟ್ಟರೆ ಸರಿಯಾಗಿರುತ್ತದೆ.

ಸೂರತ್ತಿಗೆ ಬಂದರೆ ಸಮಸ್ಯೆಯ ಮುಖವೇ ಬೇರೆಯಾಗುತ್ತದೆ. ಮಗ್ಗಗಳಿಂದ ಇಳಿಯುವ ಪಾಲಿಯೆಸ್ಟರ್ ಬಟ್ಟೆ ಮೊದಲು ಕಾಗದದಂತೆ ಬಿರುಸಾಗಿ, ಕಳೆಯಿಲ್ಲದೆ ಇರುತ್ತದೆ. ಅದನ್ನು ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ನಡೆಸಿದಾಗ ಎಳೆಗಳ ಮೇಲ್ಮೈ ಕರಗಿ, ತೂಕದಲ್ಲಿ ನೂರಕ್ಕೆ 10ರಿಂದ 25ರಷ್ಟು ಇಳಿಯುವುದುಂಟು. ಬಟ್ಟೆ ರೇಷ್ಮೆಯಂತೆ ಹರಿಯತೊಡಗುತ್ತದೆ. ಕಾರಣ ಸ್ಪಷ್ಟ. ದುಂಡನೆಯ ಎಳೆಯ ಬಿರುಸು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಬದಲಾಗುತ್ತದೆ. ತೂಕದಲ್ಲಿ ನೂರಕ್ಕೆ 20 ಕಡಿಮೆಯಾದರೆ ಎಳೆಯ ಬಿರುಸಿನಲ್ಲಿ ನೂರಕ್ಕೆ 36 ಹೋಗುತ್ತದೆ. ಎಳೆ ತೆಳುವಾದಂತೆ ಹಾಸು ಹೊಕ್ಕುಗಳ ಹಿಡಿತವೂ ಸಡಿಲುತ್ತದೆ. ಗಣಕದ ಕಡತದಲ್ಲಿ ಜಾರ್ಜೆಟ್ ಎಂಬ ಒಂದೇ ಹೆಸರು ಇರುತ್ತದೆ; ಸಂಸ್ಕರಣಾಲಯದಿಂದ ಬರುವ ಜಾರ್ಜೆಟ್ ದ್ರಾವಣದಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು ಅವಲಂಬಿಸಿ ಹತ್ತು ಬಗೆಯಾಗಿರುತ್ತದೆ. ಆದ್ದರಿಂದ ಪರದೆಯ ಉಡುಪು ಸರಿಯಾಗಿ ಇಳಿಬಿದ್ದುದು ನಿಜವಾದ ಬಟ್ಟೆಯಲ್ಲಿ ಸೆಟೆದು ನಿಂತರೆ ತಪ್ಪು ಗಣಿತದ್ದೂ ಅಲ್ಲ, ದರ್ಜಿಯದೂ ಅಲ್ಲ. ಒಂದೇ ಹೆಸರಿನ ಎರಡು ಬಟ್ಟೆಗಳನ್ನು ಒಂದೆಂದು ತಿಳಿದುದರದು. ಸೂರತ್ತಿನಲ್ಲಿ ಗಣಕಮಾದರಿ ನಿಷ್ಠವಾಗಿರಬೇಕಾದರೆ ಪ್ರತಿಯೊಂದು ತಂಡದ ಬಟ್ಟೆಯನ್ನೂ ಹೊಸದಾಗಿ ಅಳೆಯಬೇಕು. ವೇಗಕ್ಕಾಗಿ ಗಣಕಮಾದರಿಯನ್ನು ಆಯ್ದ ವರ್ತಕನು ಈ ಕೆಲಸಕ್ಕೆ ಪುರಸೊತ್ತು ಮಾಡಿಕೊಳ್ಳುವುದು ವಿರಳ.

ಒಂದು ಅಂಶದಲ್ಲಿ ಮಾತ್ರ ಗಣಕ ಅಲ್ಲಿ ಮೇಲುಗೈ ಪಡೆದಿದೆ. ಛಾಪಿನ ಬುಟ್ಟಾ ಎಲ್ಲಿ ಬರಬೇಕು, ಚೌಕುಳಿಯ ಗೆರೆಗಳು ಪಕ್ಕದ ಹೊಲಿಗೆಯಲ್ಲಿ ಹೊಂದುವುವೇ, ಅಂಚಿನ ಹೂವು ಎದೆಯ ಮೇಲೆ ಅರ್ಧವಾಗಿ ಕತ್ತರಿಸಿಹೋಗುವುದೇ ಎಂಬುದನ್ನು ಒಂದು ಗೇಣು ಬಟ್ಟೆಯನ್ನೂ ಕೆಡಿಸದೆ ನೋಡಬಹುದು. ಬೆಳಕಿನಿಂದಾದ ಪರದೆಯ ಬಣ್ಣಕ್ಕೂ ರಂಗಿನಿಂದಾದ ಬಟ್ಟೆಯ ಬಣ್ಣಕ್ಕೂ ಅಂತರವಿದ್ದೇ ಇದೆಯಾದರೂ ಸ್ಥಾನನಿರ್ಣಯದಲ್ಲಿ ಕೈಮಾದರಿ ಗಣಕಕ್ಕೆ ಸರಿಸಾಟಿಯಲ್ಲ.

ಸೂರತ್ತಿನ ಮುಖ್ಯ ಪದಾರ್ಥ ಸೀರೆ; ಸೀರೆಯಲ್ಲಿ ಹೋಲಿಕೆಯ ಕ್ರಮವೇ ಮುರಿದುಬೀಳುತ್ತದೆ. ಹೊಲಿಗೆಯೇ ಇಲ್ಲದ ಉಡುಪು ಗಣಕಕ್ಕೆ ಸುಲಭವೆಂದು ತೋರಬಹುದು. ವಾಸ್ತವವಾಗಿ ಅದೇ ಅತಿಕಠಿನ. ಐದೂವರೆ ಮೀಟರಿನ ಸೀರೆಯನ್ನು 5 ಮಿಲಿಮೀಟರಿನ ಬಲೆಯಾಗಿ ಮಾಡಿದರೆ ಗಂಟುಗಳು ಎರಡೂವರೆ ಲಕ್ಷವಾಗುತ್ತವೆ. ನೆರಿಗೆಗಳಲ್ಲಿ ಬಟ್ಟೆ ಬಟ್ಟೆಯನ್ನೇ ಏಳೆಂಟು ಪದರಗಳಲ್ಲಿ ಮುಟ್ಟುತ್ತದೆ. ಯಾವ ಪದರವೂ ಇನ್ನೊಂದರೊಳಗೆ ತೂರಿಹೋಗದಂತೆ ಗಣಕ ಕಾಯಬೇಕು. ಸೀರೆಯನ್ನು ನಿಲ್ಲಿಸುವುದು ಲಂಗದ ಲಾಡಿಯ ಬಿಗುಪು ಮತ್ತು ಬಟ್ಟೆಗಳ ನಡುವಿನ ಘರ್ಷಣೆ. ನುಣುಪಾದ ಪಾಲಿಯೆಸ್ಟರ್ ಸೀರೆಗೂ ಹತ್ತಿಯ ಲಂಗಕ್ಕೂ ನಡುವೆ ಆ ಘರ್ಷಣೆ ಎಷ್ಟೆಂದು ಹೇಳುವ ಅಂಕಿ ಕಡತದಲ್ಲಿ ಇರುವುದು ಅಪರೂಪ. ಆದ್ದರಿಂದ ತಂತ್ರಜ್ಞರು ನೆರಿಗೆಗಳನ್ನು ಮೊದಲೇ ಮಡಿಸಿ, ಸೊಂಟದಲ್ಲಿ ಮೊಳೆ ಹೊಡೆದಂತೆ ಸ್ಥಿರಪಡಿಸಿ ಎಣಿಕೆ ನಡೆಸುತ್ತಾರೆ. ಸೂರತ್ತಿನ ಜರಿಯ ಅಂಚುಳ್ಳ ಸೀರೆಯಾದರೆ ಮೈಗೊಂದು, ಅಂಚಿಗೊಂದು, ಸೆರಗಿಗೊಂದು ಎಂದು ಮೂರು ಬಟ್ಟೆಗಳ ಗುಣಗಳನ್ನು ಕೊಡಬೇಕು. ಇಳಕಲ್ಲಿನ ಸೀರೆಯಲ್ಲಂತೂ ಮೈಯ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಎರಡನ್ನೂ ಮಗ್ಗದಲ್ಲಿಯೇ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೊಂಡಿಯ ಗೆರೆ ಹೊಲಿಗೆಯೂ ಅಲ್ಲ, ಬರಿಯ ನೆಯ್ಗೆಯೂ ಅಲ್ಲ.

ಇಷ್ಟಾದ ಮೇಲೂ ಪರದೆಯ ಸೀರೆಯನ್ನು ಯಾವ ಕೈಮಾದರಿಗೆ ಹೋಲಿಸಬೇಕು? ಸೀರೆ ಉಟ್ಟಾಗ ಮಾತ್ರ ಉಡುಪಾಗುತ್ತದೆ. ಬಿಚ್ಚಿದಾಗ ಮತ್ತೆ ಬಟ್ಟೆ. ಗುಜರಾತಿನ ಗೃಹಿಣಿ ಸೆರಗನ್ನು ಹಿಂದಿನಿಂದ ಬಲಭುಜದ ಮೇಲೆ ತಂದು ಎದೆಯ ಮೇಲೆ ಹರಡುತ್ತಾಳೆ. ಮೈಸೂರಿನವಳು ಎಡಭುಜದ ಮೇಲಿಂದ ಹಿಂದಕ್ಕೆ ಬಿಡುತ್ತಾಳೆ. ಕೊಡಗಿನವಳ ನೆರಿಗೆ ಬೆನ್ನ ಕಡೆ. ಧಾರವಾಡದ ಅಜ್ಜಿಯ ಕಚ್ಚೆಗೂ ವಡೋದರದ ಮರಾಠಿ ಮನೆತನಗಳ ಒಂಬತ್ತು ಗಜದ ಉಡಿಗೆಗೂ ಹತ್ತಿರದ ನಂಟು. 1997ರಲ್ಲಿ ಶಾಂತಾಲ್ ಬುಲಾಂಜೆ, 2010ರಲ್ಲಿ ಋತಾ ಕಪೂರ್ ಚಿಶ್ತಿ ಈ ಉಡುವ ಬಗೆಗಳನ್ನು ಗ್ರಂಥರೂಪದಲ್ಲಿ ದಾಖಲಿಸಿದ್ದಾರೆ. ಒಬ್ಬಳೇ ಹೆಂಗಸು ಬೆಳಿಗ್ಗೆ ಉಟ್ಟ ಸೀರೆಯ ನೆರಿಗೆಗಳ ಸಂಖ್ಯೆ ಸಂಜೆ ಉಟ್ಟಾಗ ಅದೇ ಆಗಿರುವುದಿಲ್ಲ. ಸೂರತ್ತಿನ ವರ್ತಕರ ಸಚಿತ್ರ ಪಟ್ಟಿಗಳಲ್ಲಿ ಗಣಕವು ಉಡಿಸಿದ ಸೀರೆ ಮಾರಾಟಕ್ಕೆ ಸಾಕಾಗಬಹುದು. ಅಳೆದು ನೋಡುವುದಕ್ಕೆ ಅಲ್ಲಿ ಇನ್ನೊಂದು ಸ್ಥಿರವಸ್ತುವೇ ಇಲ್ಲ.

ಕಾಲದ ವಿಚಾರವೂ ಇದೆ. ಓರೆಯಾಗಿ ಕತ್ತರಿಸಿದ ಲಂಗವನ್ನು ಹೊಲಿದ ದರ್ಜಿ ಕೂಡಲೇ ಕೆಳಗಿನ ಅಂಚನ್ನು ಮಡಿಸುವುದಿಲ್ಲ. ಒಂದು ರಾತ್ರಿ ತೂಗುಹಾಕುತ್ತಾನೆ. ಓರೆಯಲ್ಲಿ ಹಾಸು ಹೊಕ್ಕುಗಳ ಚೌಕ ಮೆಲ್ಲಮೆಲ್ಲನೆ ವಾಲಿ ಬಟ್ಟೆ ಇಳಿಯುತ್ತದೆ. ಮರುದಿನ ಅಂಚು ಒಂದು ಕಡೆ ಒಂದು ಬೆರಳು, ಇನ್ನೊಂದು ಕಡೆ ಎರಡು ಬೆರಳು ಕೆಳಗೆ ಬಂದಿರುತ್ತದೆ. ಅದನ್ನು ಸಮಮಾಡಿ ಮಡಿಸುತ್ತಾನೆ. ಗಣಕದ ಬಟ್ಟೆ ಎಣಿಕೆ ಮುಗಿದ ಕ್ಷಣದಲ್ಲಿ ನಿಂತ ಸ್ಥಿತಿಯಲ್ಲಿಯೇ ಎಂದೆಂದಿಗೂ ನಿಂತಿರುತ್ತದೆ. ಒಗೆತದಲ್ಲಿ ಕುಗ್ಗುವ ಹತ್ತಿ, ಇಸ್ತ್ರಿಯ ಆವಿಯಲ್ಲಿ ಆಕಾರ ಪಡೆಯುವ ಉಣ್ಣೆ ಇವುಗಳ ಮಾತೂ ಹಾಗೆಯೇ.

ಹೀಗಿರುವುದರಿಂದ ಎರಡು ಮಾದರಿಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ವಾದ ನಿಲ್ಲಲಾರದು. ನಾಲ್ಕು ಸಲ ಹೊಲಿಯಬೇಕಾದುದನ್ನು ಗಣಕ ಒಂದು ಸಲಕ್ಕೆ ಇಳಿಸಬಹುದು. ಆ ಒಂದು ಸಲವನ್ನೂ ಇಲ್ಲವಾಗಿಸಿದರೆ ಗಣಕದ ಅಂಕಿಗಳನ್ನು ತಿದ್ದುವ ಆಧಾರವೇ ಹೋಗುತ್ತದೆ. ಇಂದು ಹೊಲಿಗೆಯ ಬಿರುಸಿಗೆ, ತೋಳಿನ ಹಂಚಿಕೆಗೆ, ಓರೆಯ ಇಳಿತಕ್ಕೆ ತಂತ್ರಾಂಶದಲ್ಲಿ ಕೊಡುವ ಬೆಲೆಗಳೆಲ್ಲ ಯಾರೋ ಒಬ್ಬ ದರ್ಜಿ ಹೊಲಿದುದರಿಂದಲೇ ಬಂದವು. ಆದರೂ ಸಂಬಳದ ಪಟ್ಟಿಯಲ್ಲಿ ಗಣಕದ ಮುಂದೆ ಕುಳಿತವನು ವಿನ್ಯಾಸಕಾರ, ಮಾದರಿ ಹೊಲಿದವನು ಕೂಲಿಯವ. ಅಹಮದಾಬಾದಿನ ಬಟ್ಟೆ ಬೆಂಗಳೂರಿನ ಕಾರ್ಖಾನೆಯಲ್ಲಿ ಉಡುಪಾಗುವ ಈ ಕಾಲದಲ್ಲಿ ಈ ಮಾತು ಗುಜರಾತಿಗೆ ಮಾತ್ರ ಸಂಬಂಧಪಟ್ಟುದಲ್ಲ.

ಇದಕ್ಕೆ ಬೇಕಾದ ಉಪಕರಣ ದೊಡ್ಡದಲ್ಲ. ಮಾದರಿ ಹೊಲಿಯುವಾಗ ದರ್ಜಿ ನಕ್ಷೆಯನ್ನು ಎಲ್ಲಿ ಮೀರಿದನು ಎಂಬುದನ್ನು ಕಾಗದದ ಮೇಲೆ ಸೀಮೆಸುಣ್ಣದಿಂದಲೋ ಪೆನ್ಸಿಲಿನಿಂದಲೋ ಗುರುತಿಸಿರುತ್ತಾನೆ: ಇಲ್ಲಿ ಕಾಲು ಅಂಗುಲ ಬಿಟ್ಟೆ, ಇಲ್ಲಿ ಎಳೆದು ಹೊಲಿದೆ, ಇಲ್ಲಿ ರಾತ್ರಿ ತೂಗುಹಾಕಿ ಮರುದಿನ ಕತ್ತರಿಸಿದೆ. ಸಾಮಾನ್ಯವಾಗಿ ಒಪ್ಪಿಗೆ ಬಂದ ದಿನವೇ ಆ ಕಾಗದವನ್ನು ಎಸೆದುಬಿಡುತ್ತಾರೆ. ಅದನ್ನು ಎಸೆಯದೆ, ದರ್ಜಿಯ ಹೆಸರನ್ನೂ ಬಟ್ಟೆಯ ತುಂಡನ್ನೂ ಅದರೊಡನೆ ಸೇರಿಸಿ, ಗಣಕದ ಕಡತಕ್ಕೆ ಲಗತ್ತಾಗಿ ಇಡುವುದು ಕಷ್ಟವಲ್ಲ.